ನಿಶಾನೆ ಸಿ

ನೂರು ಪದಕ್ಕೆ ಎರಡಾಣೆ ನನ್ನ ದರ.
ಮೈಸೂರು ಜಿಲ್ಲಾ ಕೋರ್ಟಿನ ಹಿಂದಿನ ವರಾಂಡ,
ಒಂದು ಕಾಲು ಕುಂಟುವ ಮೇಜು, ಮಸಿಕುಡಿಕೆ,
ಕಡತ ಕಟ್ಟುವ ಕೆಂಪು ದಾರ.
ಕನ್ನಡದಲ್ಲಿ ಅತ್ತದ್ದನ್ನು
ಇಂಗ್ಲಿಷಿನಲ್ಲಿ ಒದ್ದೆಯಾಗದ ಹಾಗೆ
ಬರೆದುಕೊಡುವುದು ಕೆಲಸ.

ಆ ವರ್ಷ ಅಪೀಲು ನಂಬರು ಎಪ್ಪತ್ತೊಂದು.
ಅಪೀಲುದಾರ, ನಾಗಮಂಗಲದ ಕೆಂಚಾಚಾರಿ, ಕಂಚು ಎರೆಯುವವನು.
ಎದುರುದಾರಳು, ಶಿವರಾಂಪೇಟೆಯ ಪುಟ್ಟತಾಯಮ್ಮ,
ತಾಮ್ರದ ವ್ಯಾಪಾರಿ ಚಿಕ್ಕವೀರಶೆಟ್ಟರ ಹೆಂಡತಿ.
ಶೆಟ್ಟರು ಇದ್ದಾಗ ಕೊಟ್ಟ ಮುನ್ನೂರ ನಲವತ್ತು ರೂಪಾಯಿ,
ಒಂದಾಣೆ ಸ್ಟಾಂಪಿನ ಮೇಲೆ ಆಚಾರಿಯ ರುಜು.
ಮೂರು ವರ್ಷ ಕಳೆದರೆ ಸಾಲ ಸತ್ತ ಹಾಗೆ, ಅಂದೆ.
ಸಾಲ ಸಾಯುವುದಿಲ್ಲ ಕಣಯ್ಯ, ವಕೀಲರು ತಿದ್ದಿದರು,
ಕೇಳುವ ಬಾಯಿ ಸಾಯುತ್ತದೆ, ಅಷ್ಟೆ.

ದಾವೆ ಬಿದ್ದದ್ದು ನಾಲ್ಕನೇ ವರ್ಷದ ಕಾರ್ತಿಕದಲ್ಲಿ.
ವಾಯಿದೆಗೆ ಮತ್ತೆ ಉಸಿರು ಬರಬೇಕಾದರೆ
ಒಂದೇ ಕಾಗದ, ನಿಶಾನೆ ಸಿ:
ಎರಡನೇ ವರ್ಷ, ಶೆಟ್ಟರು ತೀರಿಕೊಂಡ ಹನ್ನೊಂದನೇ ದಿನ
ಆಚಾರಿ ಕೈಯಾರೆ ಬರೆದ ದುಃಖದ ಕಾಗದ.
ಅದರ ಐದನೇ ಸಾಲು:
“ತಾಯೀ, ಅವರ ಋಣ ನನ್ನ ಮೇಲಿದೆ. ಮರೆಯುವವನಲ್ಲ.”

ಶ್ರೀರಂಗಪಟ್ಟಣದ ಮುನ್ಸೀಫರು ಕನ್ನಡದವರು;
ಓದಿದರು, ಕನ್ನಡಕ ಒರೆಸಿಕೊಂಡರು, ಡಿಕ್ರಿ ಕೊಟ್ಟರು.
ಜಿಲ್ಲಾ ಜಡ್ಜಿ ಮದರಾಸಿನ ಕಡೆಯವರು.
ಆ ಸಾಲಿಗೆ ಅವರು ಬರಬೇಕಾದರೆ
ನನ್ನ ಮೇಜು ದಾಟಿಯೇ ಬರಬೇಕು.

ಡೆಟ್ ಅಂತ ಬರೆದರೆ ಆಚಾರಿಯ ಕುಲುಮೆ ಹರಾಜು.
ಗ್ರಾಟಿಟ್ಯೂಡ್ ಅಂತ ಬರೆದರೆ ಆಕೆಗೆ ಬರಿಗೈ.
ಎರಡಾಣೆಯಲ್ಲಿ ನೂರನೇ ಒಂದು ಪಾಲು ಆ ಪದ.

ರಾತ್ರಿ ಲಾಟೀನಿನ ಮುಂದೆ ಕೂತೆ.
ಅನ್ನದ ಋಣ, ನೀರಿನ ಋಣ, ಹಾಲಿನ ಋಣ.
ವರ್ಗವಾಗಿ ಹೋದ ಅಮಲ್ದಾರನಿಗೆ
ಈ ಊರಿನ ಋಣ ತೀರಿತು ಅನ್ನುತ್ತೇವೆ,
ಚಟ್ಟ ಏರಿದವನಿಗೂ ಅದೇ ಮಾತು.
ಹೆಂಡತಿಯನ್ನು ಕೇಳಿದೆ, ಋಣ ಅಂದರೆ ದುಡ್ಡೋ, ಮನಸ್ಸೋ?
ಅವರೆಕಾಯಿ ಸುಲಿಯುತ್ತಿದ್ದವಳು ತಲೆ ಎತ್ತದೆ,
“ಅದರಲ್ಲಿ ಬೇರೆ ಬೇರೆ ಬೇರೆ ಇದೆಯಾ?” ಅಂದಳು.

ಎರಡೂ ಅಲ್ಲದ್ದನ್ನು ಬರೆದೆ: ಆಬ್ಲಿಗೇಷನ್.
ಜಾಣತನ ಅಂದುಕೊಂಡೆ.
ಮೇಣ ಕರಗಿ ಹರಿದುಹೋದ ಪೊಳ್ಳಿನಲ್ಲೇ
ಕಂಚು ಬಂದು ಕೂರುವುದು, ಆಚಾರಿ ಸಾಕ್ಷಿಯಲ್ಲಿ ಹೇಳಿದ್ದ.
ನನ್ನ ಅಚ್ಚಿನಿಂದ ಮೇಣವೂ ಹರಿದು ಹೋಯಿತು,
ಕಂಚೂ ನಿಲ್ಲಲಿಲ್ಲ.

ತೀರ್ಪು: ಇದು ಶೋಕದ ಸೌಜನ್ಯ, ಸಾಲದ ಒಪ್ಪಿಗೆಯಲ್ಲ.
ಅಪೀಲು ಮಂಜೂರು. ದಾವೆ ವಜಾ, ಖರ್ಚು ಸಹಿತ.
ಆಚಾರಿ ಎದ್ದು ಕೈಮುಗಿದ.
ಪೀಠದ ಕಡೆಗಲ್ಲ. ವಕೀಲರ ಕಡೆಗೂ ಅಲ್ಲ.
ಆಕೆ ಸೆರಗು ಸರಿಮಾಡಿಕೊಳ್ಳುತ್ತಿದ್ದರು, ನೋಡಲಿಲ್ಲ.

ಮೂರು ತಿಂಗಳು ಬಿಟ್ಟು ವರಾಂಡಕ್ಕೆ ಬಂದರು.
ಬೆಂಗಳೂರಿಗೆ, ಚೀಫ್ ಕೋರ್ಟಿಗೆ ಹೋಗುತ್ತೀರಾ, ಕೇಳಿದೆ.
“ಇಲ್ಲ. ಆ ಕಾಗದ ವಾಪಸು ಬೇಕು.
ನಮ್ಮೆಜಮಾನರನ್ನ ಒಳ್ಳೇವರು ಅಂತ
ಯಾರಾದರೂ ಬರೆದದ್ದು ಅದೊಂದೇ.”
ಅರ್ಜಿ ನಾನೇ ಬರೆದೆ, ಪದ ಎಣಿಸದೆ.
ಸ್ಟಾಂಪಿನ ದುಡ್ಡು ಸೆರಗಿನ ಗಂಟಿನಲ್ಲಿ ತಂದಿದ್ದರು.

ಕಡತದಿಂದ ಬಿಡಿಸಿದ ಹಾಳೆಗೆ ದುಂಡು ಮೊಹರು,
ಕೆಂಪು ಶಾಯಿಯ ಸಿ,
ದಾರ ಪೋಣಿಸಿದ ತೂತು ಸರಿಯಾಗಿ ಋಣದ ಮೇಲೆ.
ಓದು ಬಾರದು, ಒಂದು ಸಲ ಓದಿ ಅಂದರು.
ಓದಿದೆ. ತೂತಿನ ಹತ್ತಿರ ಬಂದಾಗ
ಬಾಯಿಂದಲೇ ಆ ಮಾತು ತುಂಬಿದೆ.
ಅಷ್ಟಕ್ಕೆ ನಿಲ್ಲಿಸಿದೆ.

“ಮರೆಯುವವನಲ್ಲ ಅಂತ ಇದೆಯಲ್ಲ ಆಮೇಲೆ,
ಅದನ್ನ ಬಿಟ್ಟಿರಿ.”

ಒಳಗೆ ಹೋಗಿ ನನ್ನ ತರ್ಜುಮೆ ತೆಗೆದು ನೋಡಿದೆ.
ಬಿಟ್ಟಿದ್ದೆ.